ಹಗ್ಗದ ಬಳೆಪಟ್ಟಿಯನ್ನು ಮರದಿಂದ ಇಳಿಸಿಕೊಳ್ಳುವ ಬಗೆ



ಮರ ಹತ್ತಿ ಕೊಂಬೆ ಸವರುವ ಕೆಲಸಕ್ಕೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಹಗ್ಗ, ಸೊಂಟಪಟ್ಟಿ, ಕೊಂಡಿಗಳನ್ನು ತರಿಸಿಕೊಂಡ ಸದಸ್ಯರು ನಮ್ಮಲ್ಲಿ ಕೆಲವರಿದ್ದಾರೆ. ಒಳ್ಳೆಯದೇ. ಈ ಸಾಮಾನುಗಳ ಜೊತೆಗೆ ‘ಫ್ರಿಕ್ಷನ್ ಸೇವರ್’ ಎಂಬ ಒಂದು ಚಿಕ್ಕ ಸಾಧನವೂ ಬರುತ್ತದೆ. ಅದನ್ನು ಕೊಂಬೆಯ ಮೇಲೆ ಹಾಕುವ ಕ್ರಮವನ್ನು ಮಾರುವವರು ವಿವರವಾಗಿ ತೋರಿಸಿಕೊಡುತ್ತಾರೆ. ಕೆಲಸ ಮುಗಿದ ಮೇಲೆ ನೆಲದಲ್ಲಿ ನಿಂತು ಅದನ್ನು ಕೆಳಗೆ ತರಿಸಿಕೊಳ್ಳುವ ಕ್ರಮವನ್ನು ಮಾತ್ರ ‘ಹಗ್ಗ ಎಳೆದರೆ ಬರುತ್ತದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೆಚ್ಚಿನ ಸಲ ಬರುತ್ತದೆ ಎಂಬುದೂ ನಿಜ. ಬಾರದೆ ಹೋದ ದಿನ ಏನು ಮಾಡಬೇಕು, ಬಂದಾಗಲೂ ಅದು ಯಾರ ತಲೆಯ ಮೇಲೆ ಬೀಳಬಾರದು ಎಂಬುದನ್ನು ಹತ್ತುವವನಿಗೂ ಕೆಳಗೆ ನಿಂತವರಿಗೂ ಮೊದಲೇ ತಿಳಿಸಿರಬೇಕು. ಆ ಕಾರಣಕ್ಕೆ ಈ ಲೇಖನ.

ಮರ ಹತ್ತುವುದೆಂದರೆ ನಮ್ಮ ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯವರಿಗೆ ಮೊದಲು ನೆನಪಾಗುವುದು ತೆಂಗು ಮತ್ತು ಅಡಿಕೆ. ಆ ಎರಡಕ್ಕೂ ಈ ಸಾಧನ ಬೇಕಿಲ್ಲ. ಕವಲೇ ಇಲ್ಲದ ನೆಟ್ಟನೆಯ ಕಾಂಡದಲ್ಲಿ ಹಗ್ಗ ಇಳಿಬಿಡಲು ಕೊಂಬೆ ಎಲ್ಲಿದೆ? ಅಡಿಕೆ ಮರಕ್ಕೆ ಕಾಲಿನ ಬಳ್ಳಿ ಸಾಕು. ತೆಂಗಿಗೆ ಹತ್ತುವ ಯಂತ್ರಗಳು ಬಂದಿವೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’ ಎಂಬ ತರಬೇತಿಯನ್ನು ಆರಂಭಿಸಿ ಆ ಯಂತ್ರಗಳ ಬಳಕೆಯನ್ನು ಹಳ್ಳಿಯ ಹುಡುಗರಿಗೆ ಕಲಿಸಿದ್ದೂ ಉಂಟು. ನಾನು ಇಲ್ಲಿ ಹೇಳುತ್ತಿರುವುದು ಕೊಂಬೆಯುಳ್ಳ ಮರಗಳ ಮಾತು. ಬದುವಿನ ಹುಣಸೆ, ಹಲಸು, ಮಾವು, ಹೊಂಗೆ. ಅಡಿಕೆ ತೋಟದ ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿ ಬಿಸಿಲಿನ ಮರೆಗೆಂದು ಬೆಳೆಸಿದ ಮರಗಳು. ಮಲೆನಾಡಿನಲ್ಲಿ ಕಾಫಿ ಇಟ್ಟುಕೊಂಡಿರುವ ಸದಸ್ಯರಿಗೆ ವರ್ಷವರ್ಷವೂ ತಪ್ಪದ ಮರಗಸಿ. ಇಷ್ಟೂ ಕೆಲಸ ಇಂದಿಗೂ ಬಹುಪಾಲು ಬರಿಗಾಲಿನಲ್ಲಿ, ಕೈಯಲ್ಲೊಂದು ಕತ್ತಿ ಹಿಡಿದು, ಸೊಂಟಕ್ಕೆ ಏನನ್ನೂ ಕಟ್ಟದೆ ನಡೆಯುತ್ತಿದೆ. ಹಗ್ಗದಲ್ಲಿ ಹತ್ತುವ ಪದ್ಧತಿ ನಮ್ಮಲ್ಲಿ ಬೇರೂರಬೇಕಾದರೆ ಅದರ ಪ್ರತಿಯೊಂದು ಹಂತವೂ ಆಳುಗಳಿಗೆ ಅರ್ಥವಾಗಿರಬೇಕು. ಅರ್ಧ ಕಲಿತ ಪದ್ಧತಿ, ಕಲಿಯದೆ ಇದ್ದುದಕ್ಕಿಂತ ಕೇಡು.

ಸಾಧನ ಯಾವುದು, ಏಕೆ ಬೇಕು

ಫ್ರಿಕ್ಷನ್ ಸೇವರ್ ಎಂಬ ಹೆಸರು ನಾಲಗೆಗೆ ಉದ್ದವಾಯಿತು. ನಾನು ಇದನ್ನು ಬಳೆಪಟ್ಟಿ ಎಂದೇ ಕರೆಯುತ್ತೇನೆ. ನೋಡಿದರೂ ಅದೇ: ಎರಡು ಮೂರು ಅಡಿ ಉದ್ದದ ಒಂದು ಗಟ್ಟಿ ನೈಲಾನ್ ಪಟ್ಟಿ, ಅದರ ಒಂದು ತುದಿಗೆ ದೊಡ್ಡ ಬಳೆ, ಇನ್ನೊಂದು ತುದಿಗೆ ಸಣ್ಣ ಬಳೆ. ಬಳೆಗಳು ಅಲ್ಯೂಮಿನಿಯಂ ಅಥವಾ ಉಕ್ಕಿನವು. ಪಟ್ಟಿಯನ್ನು ಕೊಂಬೆಯ ಮೇಲೆ, ಹೆಗಲಿನ ಮೇಲೆ ವಲ್ಲಿ ಹಾಕಿದಂತೆ ಇಳಿಬಿಟ್ಟು, ಹತ್ತುವ ಹಗ್ಗವನ್ನು ಎರಡೂ ಬಳೆಗಳ ಮೂಲಕ ಹಾಯಿಸುತ್ತಾರೆ. ಹಗ್ಗ ಜಾರುವುದು ಬಳೆಯ ಮೇಲೆ, ಕೊಂಬೆಯ ಮೇಲಲ್ಲ.

ಬಳೆಪಟ್ಟಿ ಇಲ್ಲದೆ ಹಗ್ಗವನ್ನು ನೇರವಾಗಿ ಕೊಂಬೆಯ ಮೇಲೆ ಹಾಕಿ ಹತ್ತಿ ಇಳಿದರೆ ಏನಾಗುತ್ತದೆ? ಒಂದು, ತೊಗಟೆ ಸುಲಿದು ಅದರ ಕೆಳಗಿನ ಬೆಳೆಯುವ ಪದರಕ್ಕೆ ಗಾಯವಾಗುತ್ತದೆ. ಹಲಸಿನ ಮರದಲ್ಲಿ ಇದು ಎರಡು ಪಟ್ಟು ನಷ್ಟ, ಏಕೆಂದರೆ ಹಲಸು ಕಾಯಿ ಬಿಡುವುದೇ ಕಾಂಡದಲ್ಲಿ ಮತ್ತು ದಪ್ಪ ಕೊಂಬೆಗಳ ಮೈಯಲ್ಲಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿ ಸಸಿ ಮಾಡಿಸಿದ ಮೇಲೆ ನಮ್ಮ ಕಡೆ ಹಲಸಿನ ಮರವನ್ನು ನೋಡುವ ಕಣ್ಣೇ ಬದಲಾಗಿದೆ. ಅಂಥ ಮರದ ಕವಲನ್ನು ಹಗ್ಗದಿಂದ ಗರಗಸದಂತೆ ಉಜ್ಜಲು ಯಾರಿಗೂ ಮನಸ್ಸು ಬಾರದು. ಎರಡು, ಹಗ್ಗವೂ ಸವೆಯುತ್ತದೆ, ಹಲಸಿನ ಅಂಟು ಮೆತ್ತಿಕೊಳ್ಳುತ್ತದೆ. ಮೂರು, ಹತ್ತುವವನಿಗೆ ಶ್ರಮ ಹೆಚ್ಚು.

ಈ ಮೂರನೆಯದನ್ನು ಲೆಕ್ಕದಿಂದಲೇ ತೋರಿಸಬಹುದು. ಹಗ್ಗವು ಕೊಂಬೆಯನ್ನು ಅರ್ಧ ಸುತ್ತು ಬಳಸಿದಾಗ ಎರಡೂ ಕಡೆಯ ಎಳೆತ ಸಮನಾಗಿರುವುದಿಲ್ಲ. ಒರಟು ತೊಗಟೆಯ ಘರ್ಷಣೆಯ ಗುಣಾಂಕ 0.4 ಎಂದು ಹಿಡಿದರೆ ಎಳೆಯುವ ಕಡೆ ಇನ್ನೊಂದು ಕಡೆಯ ಮೂರೂವರೆ ಪಟ್ಟು ಎಳೆತ ಬೇಕಾಗುತ್ತದೆ. ನಯವಾದ ಬಳೆಗೆ 0.2 ಎಂದು ಹಿಡಿದರೆ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ. 60 ಕಿಲೋ ತೂಗುವ ಆಳು ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳಲು ಬರೀ ಕೊಂಬೆಯ ಮೇಲೆ ಸುಮಾರು 47 ಕಿಲೋ ಬಲ ಹಾಕಬೇಕು, ಬಳೆಪಟ್ಟಿಯಿದ್ದರೆ ಸುಮಾರು 39 ಕಿಲೋ. ದಿನಕ್ಕೆ ನಾಲ್ಕಾರು ಮರ ಹತ್ತುವವನಿಗೆ ಈ ಎಂಟು ಕಿಲೋ ಸಾಯಂಕಾಲದ ಹೊತ್ತಿಗೆ ಗೊತ್ತಾಗುತ್ತದೆ.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಳಿಯುವಾಗ ಆಳಿನ ಭಾರದ ಒಂದು ಪಾಲನ್ನು ಹಿಡಿದಿರುವುದು ಅವನ ಸೊಂಟದ ಮುಂದಿರುವ ಬಿಗಿಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟಿನ ಜಾತಿಯದು ಅದು. ಬರೀ ಕೊಂಬೆಯ ಮೇಲೆ ಇಳಿಯುವಾಗ ಆ ಗಂಟಿಗೆ ಬೀಳುವ ಭಾರ ಸುಮಾರು 13 ಕಿಲೋ. ಬಳೆಪಟ್ಟಿಯ ಮೇಲೆ ಸುಮಾರು 21 ಕಿಲೋ. ಕೊಂಬೆಯೇ ಅರ್ಧ ಬ್ರೇಕ್ ಹಿಡಿಯುತ್ತಿತ್ತು, ಈಗ ಅದು ಹಿಡಿಯುವುದಿಲ್ಲ. ಬರೀ ಕೊಂಬೆಗೆ ಒಗ್ಗಿದವನು ಮೊದಲ ಸಲ ಬಳೆಪಟ್ಟಿಯಲ್ಲಿ ಇಳಿದರೆ ತಾನೆಣಿಸಿದ್ದಕ್ಕಿಂತ ಬೇಗ ಜಾರುತ್ತಾನೆ. ಆದ್ದರಿಂದ ಗಂಟಿಗೆ ಇನ್ನೊಂದು ಸುತ್ತು ಹೆಚ್ಚಿಗೆ ಬೇಕೇ ಎಂಬುದನ್ನು ನೆಲದಿಂದ ಮೂರಡಿ ಎತ್ತರದಲ್ಲಿ ನೇತಾಡಿ ನೋಡಿಯೇ ನಿರ್ಧರಿಸಬೇಕು.

ಇಳಿಸಿಕೊಳ್ಳುವ ಯುಕ್ತಿ

ಎರಡು ಬಳೆಗಳು ಬೇರೆ ಬೇರೆ ಅಳತೆಯವಾಗಿರುವುದು ಅಂದಕ್ಕಲ್ಲ, ನೆಲದಿಂದ ಇಳಿಸಿಕೊಳ್ಳುವುದಕ್ಕೆ. ಹಗ್ಗದ ತುದಿಗೆ ಒಂದು ಗುಂಡನ್ನು ಕಟ್ಟುತ್ತಾರೆ. ಗುಂಡಿನ ಗಾತ್ರ ದೊಡ್ಡ ಬಳೆಯಲ್ಲಿ ಸಲೀಸಾಗಿ ನುಗ್ಗುವಷ್ಟು, ಸಣ್ಣ ಬಳೆಯಲ್ಲಿ ನುಗ್ಗದಷ್ಟು. ಗುಂಡು ಕಟ್ಟಬೇಕಾದದ್ದು ದೊಡ್ಡ ಬಳೆಯ ಕಡೆಯಿಂದ ಇಳಿದು ಬಂದ ಹಗ್ಗದ ತುದಿಗೆ; ಎಳೆಯಬೇಕಾದದ್ದು ಸಣ್ಣ ಬಳೆಯ ಕಡೆಯಿಂದ ಇಳಿದು ಬಂದ ಹಗ್ಗವನ್ನು. ಎಳೆಯುತ್ತ ಹೋದಂತೆ ಗುಂಡು ಮೇಲೇರಿ, ದೊಡ್ಡ ಬಳೆಯನ್ನು ದಾಟಿ, ಸಣ್ಣ ಬಳೆಯ ಬಾಯಿಗೆ ಬಂದು ನಿಲ್ಲುತ್ತದೆ. ಇನ್ನೂ ಎಳೆದರೆ ಸಣ್ಣ ಬಳೆ ಕೆಳಗೆ ಬರುತ್ತದೆ, ಅದರ ಹಿಂದೆ ಪಟ್ಟಿ ಕೊಂಬೆಯ ಮೇಲೆ ಜಾರುತ್ತದೆ, ಕೊನೆಗೆ ದೊಡ್ಡ ಬಳೆ ಕೊಂಬೆಯನ್ನು ಹಾರಿ ಈಚೆಗೆ ಬೀಳುತ್ತದೆ. ಅಲ್ಲಿಗೆ ಇಡೀ ಸಾಧನ ಕೈಸೇರಿತು.

ಗುಂಡನ್ನು ತಪ್ಪು ತುದಿಗೆ ಕಟ್ಟಿದರೆ ಅದು ಮೊದಲು ಸಣ್ಣ ಬಳೆಗೇ ಸಿಕ್ಕಿ, ಪಟ್ಟಿಯನ್ನು ಕೊಂಬೆಗೆ ಒತ್ತಿ ಬಿಗಿಯುತ್ತದೆ. ಎಷ್ಟು ಎಳೆದರೂ ಕೆಳಗೆ ಬರುವುದಿಲ್ಲ. ಹೀಗಾಗದಂತೆ ದೊಡ್ಡ ಬಳೆಯ ಕಡೆ ಬರುವ ಹಗ್ಗದ ತುದಿಗೆ ಕೆಂಪು ದಾರ ಸುತ್ತಿ ಗುರುತು ಮಾಡಿಕೊಳ್ಳಿ. ಆಳುಗಳಿಗೆ ‘ಕೆಂಪಿಗೆ ಗುಂಡು, ಬಿಳಿಯನ್ನು ಎಳೆ’ ಎಂದು ಹೇಳಿಕೊಟ್ಟರೆ ಮರೆಯುವುದಿಲ್ಲ. ಹೊಸ ಗುಂಡಾಗಲಿ, ಹೊಸ ಪಟ್ಟಿಯಾಗಲಿ ತಂದ ದಿನ ಎದೆಯೆತ್ತರದ ಒಂದು ಕೊಂಬೆಗೆ ಹಾಕಿ, ಕಣ್ಣೆದುರಿಗೇ ನಾಲ್ಕು ಸಲ ಇಳಿಸಿ ನೋಡಬೇಕು. ಎರಡು ಬೇರೆ ಬೇರೆ ಕಂಪನಿಗಳ ಗುಂಡು ಮತ್ತು ಬಳೆ ಒಂದಕ್ಕೊಂದು ಹೊಂದದೆ ಇರುವುದುಂಟು.

ಇನ್ನೊಂದು ಮಾತು. ಇಳಿಯುವಾಗ ಹಗ್ಗ ಮುಗಿದುಹೋಗಿ ಆಳು ಗಾಳಿಯಲ್ಲಿ ಕಳಚಿಕೊಳ್ಳಬಾರದೆಂದು ಹಗ್ಗದ ಬಿಡಿತುದಿಗೆ ಒಂದು ತಡೆಗಂಟು ಹಾಕಿರುತ್ತಾರೆ. ಇಳಿಯುವಾಗ ಪ್ರಾಣ ಉಳಿಸುವ ಆ ಗಂಟೇ ಬಳೆಪಟ್ಟಿ ಇಳಿಸುವಾಗ ಅಡ್ಡಿಯಾಗುತ್ತದೆ. ಒಮ್ಮೆ ಹೀಗೆ ತೊಂದರೆಪಟ್ಟವರು ಮುಂದೆ ತಡೆಗಂಟು ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಅದು ಸಲ್ಲದು. ಗಂಟು ಇರಲಿ, ಹತ್ತಿದವನ ಎರಡೂ ಕಾಲು ನೆಲ ಮುಟ್ಟಿದ ಮೇಲೆ ಹಗ್ಗದಲ್ಲಿರುವ ಗಂಟು, ಕೊಂಡಿ, ಕುಣಿಕೆ ಎಲ್ಲವನ್ನೂ ಒಬ್ಬನೇ ವ್ಯಕ್ತಿ ಕೈಯಲ್ಲಿ ಹಿಡಿದು ನೋಡಿ ಬಿಚ್ಚಲಿ. ಇಬ್ಬರು ಬಿಚ್ಚಲು ಹೊರಟರೆ ಒಬ್ಬನು ಬಿಚ್ಚಿದನೆಂದು ಇನ್ನೊಬ್ಬನು ಸುಮ್ಮನಿರುತ್ತಾನೆ.

ಬೀಳುವ ಸಾಮಾನಿನ ವೇಗ

ಬಳೆಪಟ್ಟಿಯ ತೂಕ ಅರ್ಧ ಕಿಲೋಗಿಂತ ಹೆಚ್ಚಿರುವುದು ಅಪರೂಪ. ಅಷ್ಟೇ ತಾನೇ ಎನ್ನಬೇಡಿ. 40 ಅಡಿ ಎತ್ತರದಿಂದ ತಡೆಯಿಲ್ಲದೆ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿರುತ್ತದೆ, ಅದಕ್ಕೆ ಹಿಡಿಯುವ ಕಾಲ ಒಂದೂವರೆ ಸೆಕೆಂಡು ಮಾತ್ರ. ‘ಬಂತು, ಬಂತು’ ಎಂದು ಕೂಗುವಷ್ಟರಲ್ಲಿ ಲೋಹದ ಬಳೆ ತಲೆಯ ಮೇಲಿರುತ್ತದೆ. ತೆಂಗಿನ ತೋಟದಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತೆಂಗಿನ ಕಾಯಿ ನೆಟ್ಟಗೆ ಬೀಳುತ್ತದೆ, ಬಳೆಪಟ್ಟಿ ಹಗ್ಗದ ತುದಿಯಲ್ಲಿ ಬೀಸಿಕೊಂಡು ಬೀಳುತ್ತದೆ, ವ್ಯತ್ಯಾಸ ಇಷ್ಟೇ. ಎಳೆಯುವವನು ಮೇಲೆ ನೋಡುತ್ತ ಎಳೆಯುವುದರಿಂದ ಪೆಟ್ಟು ಹೆಚ್ಚಾಗಿ ಮುಖಕ್ಕೇ.

ಬೀಳುವ ಸಾಮಾನಿಗೆ ಕಡಿವಾಣ ಹಾಕಲು ಒಂದು ಸುಲಭ ಉಪಾಯವಿದೆ. ಗುಂಡು ಕಟ್ಟಿದ ತುದಿಗೆ, ಗುಂಡಿನ ಹಿಂದೆ, ಮೊದಲು ಮರದ ಮೇಲೆ ಹಗ್ಗ ಹಾಯಿಸಲು ಬಳಸಿದ ಎಸೆದಾರವನ್ನೂ ಕಟ್ಟಿ. ಒಬ್ಬನು ಹಗ್ಗ ಎಳೆಯಲಿ, ಇನ್ನೊಬ್ಬನು ಎಸೆದಾರವನ್ನು ಹದವಾಗಿ ಬಿಡುತ್ತ ಹೋಗಲಿ. ಗುಂಡು ಸಣ್ಣ ಬಳೆಗೆ ತಾಗಿ ಪಟ್ಟಿ ಕೊಂಬೆಯನ್ನು ದಾಟಿದ ಮೇಲೂ ಎಸೆದಾರ ಕೊಂಬೆಯ ಮೇಲೆಯೇ ಇರುತ್ತದೆ. ಅದನ್ನು ಹಿಡಿದವನು ಬಾವಿಗೆ ಕೊಡ ಇಳಿಸಿದಂತೆ ಬಳೆಪಟ್ಟಿಯನ್ನು ಮೆಲ್ಲಗೆ ಇಳಿಸಬಹುದು. ಇದಕ್ಕೆ ದಾರದ ಉದ್ದ ಕೊಂಬೆಯ ಎತ್ತರದ ಎರಡು ಪಟ್ಟಿಗಿಂತ ಹೆಚ್ಚಿರಬೇಕು. 40 ಅಡಿಯ ಕೊಂಬೆಗೆ 90 ಅಡಿ ದಾರವಿದ್ದರೆ ಸಾಕು. ಬರಿಗೈಯಲ್ಲಿ ತೆಳು ದಾರ ಬಿಟ್ಟರೆ ಬೆರಳು ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಈ ದಾರಕ್ಕೆ ಇನ್ನೊಂದು ಪ್ರಯೋಜನವಿದೆ, ಅದೇ ದೊಡ್ಡದು. ಗುಂಡು ಮೇಲೆ ಹೋದ ಮೇಲೆ ಎಲ್ಲಾದರೂ ಸಿಕ್ಕಿಕೊಂಡರೆ ದಾರವನ್ನು ಹಿಂದಕ್ಕೆಳೆದು ಗುಂಡನ್ನು ಮತ್ತೆ ಕೆಳಗೆ ತರಬಹುದು, ಹಗ್ಗವನ್ನು ಬಿಡಿಸಿ ಮೊದಲಿನಿಂದ ಶುರುಮಾಡಬಹುದು. ದಾರವಿಲ್ಲದಿದ್ದರೆ ಗುಂಡು ಮೇಲೆ ಹೋದದ್ದು ಹೋದಂತೆಯೇ. ಹಗ್ಗದ ಒಂದು ತುದಿ ನಲವತ್ತು ಅಡಿ ಮೇಲೆ, ಇನ್ನೊಂದು ನಮ್ಮ ಕೈಯಲ್ಲಿ. ಎಳೆಯುವುದೊಂದೇ ದಾರಿ ಉಳಿಯುತ್ತದೆ. ಸಣ್ಣ ದಾರ ಕಟ್ಟಲು ಬೇಸರಪಟ್ಟು ಇಂಥ ಇಕ್ಕಟ್ಟಿಗೆ ಸಿಕ್ಕಿಕೊಳ್ಳುವುದು ಜಾಣತನವಲ್ಲ.

ಮೇಲಿರುವಾಗಲೇ ಆಗಬೇಕಾದ ಕೆಲಸ

ಬಳೆಪಟ್ಟಿ ಸುಖವಾಗಿ ಇಳಿಯುವುದೋ ಸಿಕ್ಕಿಕೊಳ್ಳುವುದೋ ಎಂಬುದು ನಿಶ್ಚಯವಾಗುವುದು ಕೆಳಗೆ ಎಳೆಯುವಾಗಲ್ಲ, ಹತ್ತಿದವನು ಇನ್ನೂ ಮೇಲಿರುವಾಗ. ಕೊನೆಯ ಇಳಿತಕ್ಕೆ ಮುಂಚೆ ಅವನು ಒಂದು ನಿಮಿಷ ನಿಂತು ತನ್ನ ಬಳೆಪಟ್ಟಿ ಇರುವ ಜಾಗವನ್ನು ನೋಡಬೇಕು. ಪಟ್ಟಿ ಇಕ್ಕಟ್ಟಾದ ಕವಲಿನ ಸಂದಿಯಲ್ಲಿ ಕೂತಿದ್ದರೆ ದೊಡ್ಡ ಬಳೆ ಅಲ್ಲಿ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಅಗಲವಾದ ಕವಲು, ಇಲ್ಲವೇ ಕಾಂಡಕ್ಕೆ ಹತ್ತಿರವಾಗಿ ಮಲಗಿದ ದಪ್ಪ ಕೊಂಬೆ ಒಳ್ಳೆಯದು. ಕೆಳಗಿನ ದಾರಿಯಲ್ಲಿ ತಾನೇ ಆಗಷ್ಟೆ ಕಡಿದ ಕೊಂಬೆಯ ಮೋಟುಗಳಿದ್ದರೆ ಅವು ಗೂಟದಂತೆ ಹಗ್ಗವನ್ನು ಹಿಡಿಯುತ್ತವೆ. ಸವರುವಾಗ ಮೋಟು ಬಿಡದೆ ಕತ್ತರಿಸುವುದು ಮರದ ಆರೋಗ್ಯಕ್ಕೂ ಹಿತ, ಈ ಕೆಲಸಕ್ಕೂ ಹಿತ. ಎರಡು ಹಗ್ಗಗಳು ಒಂದಕ್ಕೊಂದು ಹೆಣೆದುಕೊಂಡಿರಬಾರದು, ಕಾಂಡದ ಎರಡು ಮಗ್ಗುಲಿಗೆ ಹಂಚಿಹೋಗಿರಬಾರದು, ಮೆಣಸಿನ ಬಳ್ಳಿಯೊಳಗೆ ನುಸುಳಿರಬಾರದು. ಮೆಣಸಿನ ಬಳ್ಳಿಯಲ್ಲಿ ಸಿಕ್ಕಿದ ಹಗ್ಗವನ್ನು ಜಗ್ಗಿದರೆ ಹತ್ತು ವರ್ಷದ ಬಳ್ಳಿ ಸಿಲ್ವರ್ ಓಕಿನಿಂದ ಚಾಪೆಯಂತೆ ಕಳಚಿಕೊಂಡು ಬರುತ್ತದೆ.

ಮಲೆನಾಡಿನ ಸದಸ್ಯರಿಗೆ ಮರದ ಆಯ್ಕೆಯ ಬಗ್ಗೆಯೂ ಒಂದು ಮಾತು. ಹಾಲವಾಣದ ಮರ ಮೃದು, ಆಳಿನ ಭಾರಕ್ಕೆ ನಂಬುವಂಥದಲ್ಲ. ಸಿಲ್ವರ್ ಓಕಿನ ಪಕ್ಕದ ಕೊಂಬೆಗಳು ಗಾಳಿಗೇ ಚಟ್ಟನೆ ಮುರಿಯುತ್ತವೆ. ಅಲ್ಲಿ ಭಾರ ಬೀಳಬೇಕಾದದ್ದು ನಡುಕಾಂಡದ ಮೇಲೆ, ಕೊಂಬೆಯ ಮೇಲಲ್ಲ. ಅತ್ತಿ, ಗೋಣಿ, ಬಸರಿ ಮರಗಳ ದಪ್ಪ ಕೊಂಬೆಗಳು ಗಟ್ಟಿಯಾಗಿ ಕಂಡರೂ ಹಳೆಯ ಗಾಯಗಳಲ್ಲಿ ಪೊಳ್ಳಿರುವುದುಂಟು. ತಟ್ಟಿ ನೋಡದೆ ಬಳೆಪಟ್ಟಿ ಹಾಕಬಾರದು.

ಕೆಳಗೆ ನಿಂತ ನೋಟಗಾರನು ಆಗಲೇ ಎರಡೂ ಹಗ್ಗವನ್ನು ಒಂದೊಂದು ಮೊಳ ಆ ಕಡೆ ಈ ಕಡೆ ಆಡಿಸಿ ನೋಡಲಿ. ಸಲೀಸಾಗಿ ಓಡಿದರೆ ಹತ್ತಿದವನು ಇಳಿಯಲಿ. ಓಡದಿದ್ದರೆ ಅವನು ಇನ್ನೂ ಅಲ್ಲೇ ಇದ್ದಾನೆ, ಕೈಯಿಂದಲೇ ಸರಿಪಡಿಸುತ್ತಾನೆ. ಮೇಲಿದ್ದಾಗ ಅರ್ಧ ನಿಮಿಷದ ಕೆಲಸ. ಇಳಿದ ಮೇಲೆ ಅದೇ ಕೆಲಸಕ್ಕೆ ಅರ್ಧ ದಿನವಾದರೂ ಸಾಲದು.

ಸಿಕ್ಕಿಕೊಂಡರೆ

ಇಷ್ಟಾದರೂ ಒಂದೊಂದು ದಿನ ಬಳೆಪಟ್ಟಿ ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಸಾಯಂಕಾಲ. ಎಲ್ಲರಿಗೂ ಮನೆಗೆ ಹೋಗುವ ಅವಸರ. ಇಂಥ ಹೊತ್ತಿನಲ್ಲಿ ಆಳು ಹೇಳುವ ಮಾತು ಒಂದೇ: ‘ಬಿಡಿ ಯಜಮಾನ್ರೇ, ಎರಡು ನಿಮಿಷ, ಹತ್ತಿ ತೆಗೆದುಬಂದುಬಿಡ್ತೀನಿ.’ ದಿನವೆಲ್ಲ ಹಗ್ಗ ಕಟ್ಟಿಕೊಂಡೇ ಹತ್ತಿದವನು ಆ ಎರಡು ನಿಮಿಷಕ್ಕೆ ಬರಿಮೈಯಲ್ಲಿ ಹತ್ತುತ್ತಾನೆ, ದಣಿದ ಕೈಕಾಲಿನಲ್ಲಿ, ಮಬ್ಬು ಬೆಳಕಿನಲ್ಲಿ. ಕೆಲವು ಸಾವಿರ ರೂಪಾಯಿಯ ಸಾಮಾನು ತರಲು. ಯಜಮಾನರಾದ ನಾವು ಆಗ ಸುಮ್ಮನಿದ್ದರೆ ಅದು ಒಪ್ಪಿಗೆಯೇ. ‘ಬೇಡ, ಅಲ್ಲೇ ಇರಲಿ’ ಎಂಬ ಮಾತು ನಮ್ಮ ಬಾಯಿಂದಲೇ ಬರಬೇಕು. ಆಳು ಹೇಳಲಾರ, ಸಾಮಾನು ನಮ್ಮದು.

ಇದಕ್ಕಿಂತ ಮೋಸದ್ದು ಇನ್ನೊಂದಿದೆ: ಸಿಕ್ಕಿಕೊಂಡ ಅದೇ ಹಗ್ಗವನ್ನು ಹಿಡಿದು ಹತ್ತುವುದು. ಇಬ್ಬರು ಮೂವರು ಜೋತುಬಿದ್ದು ಎಳೆದರೂ ಹಗ್ಗ ಅಲುಗಾಡದೆ ನಿಂತಿರುತ್ತದೆ. ‘ಮೂರು ಜನರನ್ನು ತಡೆದದ್ದು ಒಬ್ಬನನ್ನು ತಡೆಯದೇ?’ ಎಂಬ ತರ್ಕ ಎಲ್ಲರಿಗೂ ಸರಿಯೆನಿಸುತ್ತದೆ. ಸರಿಯಲ್ಲ. ಆ ಹಗ್ಗ ಈಗ ಕೊಂಬೆಯನ್ನು ಬಳಸಿಕೊಂಡಿಲ್ಲ. ಅದು ನಿಂತಿರುವುದು ಎಲ್ಲೋ ಒಂದು ಸಂದಿಯಲ್ಲಿ ಕಚ್ಚಿಕೊಂಡ ಬಳೆಯ ಅಂಚಿನಿಂದ, ಇಲ್ಲವೇ ಹೆಬ್ಬೆರಳು ಗಾತ್ರದ ಒಂದು ಮೋಟಿನಿಂದ. ನೆಲದಿಂದ ಒಂದು ಕೋನದಲ್ಲಿ ಎಳೆದಾಗ ಕಚ್ಚಿದ್ದು, ಆಳು ಇಪ್ಪತ್ತಡಿ ಏರಿ ಎಳೆತದ ಕೋನ ಬದಲಾದ ಕೂಡಲೇ ಬಿಟ್ಟುಕೊಡಬಹುದು. ಬಳೆಪಟ್ಟಿ ಇಳಿಯಲೆಂದೇ ಮಾಡಿದ ಸಾಧನ. ಗುಂಡು ಒಮ್ಮೆ ಮೇಲೆ ಹೋದ ಮೇಲೆ ಅದು ಯಾರ ಭಾರವನ್ನೂ ಹೊರುವುದಕ್ಕಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಎಳೆಯುವುದನ್ನು ನಿಲ್ಲಿಸಿ ಹಗ್ಗವನ್ನು ಪೂರ್ತಿ ಸಡಿಲಬಿಡಿ. ಎಸೆದಾರವಿದ್ದರೆ ಗುಂಡನ್ನು ಹಿಂದಕ್ಕೆ ತನ್ನಿ. ಮರದ ಇನ್ನೊಂದು ಪಕ್ಕಕ್ಕೆ, ಬುಡದಿಂದ ದೂರಕ್ಕೆ ಹೋಗಿ ನಿಂತು ಬೇರೆ ದಿಕ್ಕಿನಿಂದ ಎಳೆಯಿರಿ. ಹಗ್ಗಕ್ಕೆ ಅಲೆ ಕೊಟ್ಟು, ಹಾವು ಹರಿದಂತೆ ಮೇಲಕ್ಕೆ ಬೀಸಿ ನೋಡಿ. ಬಹಳ ಸಲ ಇಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಹಗ್ಗದ ತುದಿಯನ್ನು ಯಾರೂ ಎಳೆಯದಂತೆ ಎತ್ತರದಲ್ಲಿ ಕಟ್ಟಿ ಮನೆಗೆ ಹೋಗಿ. ಮರುದಿನ ಬೆಳಿಗ್ಗೆ ದಣಿವಾರಿದ ಆಳು, ಬೇರೆ ಹಗ್ಗವನ್ನು ಬೇರೆ ಗಟ್ಟಿ ಕೊಂಬೆಗೆ ಹೊಸದಾಗಿ ಹಾಯಿಸಿ, ಭಾರ ಹಾಕಿ ಪರೀಕ್ಷಿಸಿ, ಅದರಲ್ಲಿ ಹತ್ತಿ ಬಿಡಿಸಿಕೊಂಡು ಬರಲಿ. ಎರಡನೆಯ ಹಗ್ಗ ಇಲ್ಲದವರು ಹತ್ತುವ ಕೆಲಸಕ್ಕೆ ಇಳಿಯುವುದೇ ಬೇಡ. ಮೇಲೆ ಏನಾದರೂ ಆಗಿ ಆಳು ನೇತಾಡುತ್ತಿದ್ದರೆ ಅವನನ್ನು ಇಳಿಸಲಿಕ್ಕೂ ಅದೇ ಬೇಕು.

ಟ್ರ್ಯಾಕ್ಟರಿಗೋ ಜೀಪಿಗೋ ಹಗ್ಗ ಕಟ್ಟಿ ಎಳೆಯುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ಹಗ್ಗ ರಬ್ಬರಿನಂತೆ ಹಿಗ್ಗಿ ನಿಂತು, ಸಿಕ್ಕು ತಟ್ಟನೆ ಬಿಟ್ಟಾಗ ಬಳೆಗಳು ಕವಣೆಯ ಕಲ್ಲಿನಂತೆ ಎಳೆದವರ ಕಡೆಗೇ ಹಾರುತ್ತವೆ, ಇಲ್ಲವೇ ಕೊಂಬೆಯೇ ಮುರಿದು ಬರುತ್ತದೆ. ಒಬ್ಬ ಆಳು ಕೈಯಲ್ಲಿ ಎಳೆಯುವಷ್ಟು ಬಲ, ಅದಕ್ಕಿಂತ ಹೆಚ್ಚು ಯಾವ ಕಾರಣಕ್ಕೂ ಇಲ್ಲ.

ನಮ್ಮ ಅಡಿಕೆ ಬೆಳೆಗಾರರಿಗೆ ಹೊಳೆಯುವ ಇನ್ನೊಂದು ಉಪಾಯ ದೋಟಿ. ಕೊನೆ ಕೊಯ್ಯಲು ತಂದ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಮನೆಯಲ್ಲಿರುತ್ತದೆ, ಅದರ ಕೊಕ್ಕೆಯಿಂದ ಬಳೆಪಟ್ಟಿಯನ್ನು ಎತ್ತಿಬಿಟ್ಟರೆ ಆಯಿತಲ್ಲ ಎನಿಸುತ್ತದೆ. ವಿದ್ಯುತ್ ತಂತಿ ಎಲ್ಲಿಯೂ ಹತ್ತಿರವಿಲ್ಲದ ಮರವಾದರೆ ಅಡ್ಡಿಯಿಲ್ಲ. ತಂತಿ ಹಾದಿರುವ ಕಡೆ ಅದನ್ನು ಎತ್ತಲೇಬೇಡಿ. ಅಲ್ಯೂಮಿನಿಯಂ ಗಳುವಿನಂತೆ ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹರಿಸುತ್ತದೆ. ಪ್ಲಾಸ್ಟಿಕ್‌ನಂತೆ ಕಾಣುವುದರಿಂದ ಬಹಳ ಜನಕ್ಕೆ ಇದು ಗೊತ್ತಿಲ್ಲ. 11 ಕೆ.ವಿ. ಲೈನ್ ಮುಟ್ಟಬೇಕೆಂದೂ ಇಲ್ಲ, ತೀರ ಹತ್ತಿರ ಹೋದರೂ ಕಿಡಿ ಹಾರುತ್ತದೆ. ಒದ್ದೆಯಾದ ಹಗ್ಗವೂ ನಂಬಿಕೆಗೆ ಯೋಗ್ಯವಲ್ಲ. ಬೀಳುವ ಬಳೆಪಟ್ಟಿಯೂ ಎಸೆದ ದಾರವೂ ಬೀಸಿಕೊಂಡು ತಂತಿಗೆ ತಾಗುವ ದೂರದಲ್ಲಿ ಮರವಿದ್ದರೆ ಬೆಸ್ಕಾಂ ಶಾಖೆಗೆ ಹೋಗಿ ಲೈನ್ ಕ್ಲಿಯರ್ ಪಡೆದ ಮೇಲೆಯೇ ಕೆಲಸ ಆರಂಭಿಸಬೇಕು. ಬಳೆಪಟ್ಟಿ ಇಳಿಸಿ ಮುಗಿಯುವವರೆಗೂ ಆ ಲೈನ್ ಕ್ಲಿಯರ್ ಇರಬೇಕು. ಕೊಂಬೆ ಕಡಿದದ್ದಾಯಿತು ಎಂದು ಮೊದಲೇ ಕರೆಂಟು ಬಿಡಿಸಿಕೊಳ್ಳುವ ಆತುರ ಬೇಡ.

ಜೇನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಲ, ಗೋಣಿಯಂಥ ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದ್ದು ಹತ್ತುವಾಗ ಕಾಣದೆ ಇರಬಹುದು, ಅಥವಾ ದೂರದ ಕೊಂಬೆಯಲ್ಲಿದೆ ಎಂದು ಬಿಟ್ಟಿರಬಹುದು. ಸಿಕ್ಕಿದ ಹಗ್ಗವನ್ನು ಜಗ್ಗಿ ಜಗ್ಗಿ ಇಡೀ ಮರ ನಡುಗಿಸಿದಾಗ ಅವು ಏಳುತ್ತವೆ. ಹುಟ್ಟು ಇರುವ ಮರದಲ್ಲಿ ಸಾಮಾನು ಸಿಕ್ಕಿಕೊಂಡರೆ ಹಗ್ಗ ಮುಟ್ಟದೆ ಬಿಟ್ಟು ಬರುವುದೇ ಸರಿ.

ಇಳಿಸುವ ಹೊತ್ತಿಗೆ ಮರದ ಕೆಳಗೆ ಯಾರಿರಬಾರದು ಎಂಬುದಕ್ಕೆ ಒಂದು ಸುಲಭ ಲೆಕ್ಕ: ಬಳೆಪಟ್ಟಿಯ ಎತ್ತರದ ಅರ್ಧದಷ್ಟು ದೂರ ಸುತ್ತಲೂ ಖಾಲಿಯಿರಲಿ. ರೆಂಬೆ ಬೀಳುವಾಗ ದೂರ ನಿಂತಿದ್ದ ಹೆಣ್ಣಾಳುಗಳು, ಹತ್ತಿದವನು ಇಳಿದದ್ದನ್ನು ಕಂಡ ಕೂಡಲೇ ಸೌದೆ ಆಯಲು, ಸೊಪ್ಪು ಹೊರೆ ಕಟ್ಟಲು ಬುಡಕ್ಕೆ ಬರುತ್ತಾರೆ. ಅವರ ಲೆಕ್ಕದಲ್ಲಿ ಕೆಲಸ ಮುಗಿದಿದೆ. ಹೆಲ್ಮೆಟ್ ತೆಗೆಯುವುದೂ ಆಗಲೇ. ಬಳೆಪಟ್ಟಿ ನೆಲ ಮುಟ್ಟಿದ ಮೇಲೆ ‘ಇಳೀತು’ ಎಂದು ನೋಟಗಾರನು ಕೂಗಲಿ. ಆ ಕೂಗಿಗೆ ಮುಂಚೆ ಯಾರೂ ಬುಡಕ್ಕೆ ಬಾರದಿರಲಿ, ಹೆಲ್ಮೆಟ್ ಕಳಚದಿರಲಿ. ಎಳೆಯುವವನು ಕೂಡ ಹಗ್ಗದ ನೇರಕ್ಕೆ ನಿಲ್ಲದೆ, ಆದರೆ ಪಕ್ಕದ ಮರದ ಕಾಂಡದ ಮರೆಯಲ್ಲಿ ನಿಂತು ಎಳೆಯಲಿ.

ಕೊನೆಯದಾಗಿ ಸಾಮಾನಿನ ವಿಚಾರ. ಬಳೆಪಟ್ಟಿ ದುಬಾರಿ ಎಂದು ಎತ್ತಿನ ಮೂಗುದಾರದ ಬಳೆ, ಲಾರಿಯ ಕೊಂಡಿ, ಬೇಲಿಯ ತಂತಿ ಸೇರಿಸಿ ಊರಿನಲ್ಲೇ ಮಾಡಿಸಿಕೊಳ್ಳುವ ಯೋಚನೆ ಬೇಡ. ಮನುಷ್ಯನ ಭಾರಕ್ಕೆಂದು ಮಾಡಿದ ಸಾಮಾನಿನ ಮೇಲೆ ಅದು ತಡೆಯುವ ಬಲವನ್ನು ಕಿಲೋನ್ಯೂಟನ್‌ನಲ್ಲಿ ಕೆತ್ತಿರುತ್ತಾರೆ. 22 ಎಂದಿದ್ದರೆ ಸುಮಾರು 2,200 ಕಿಲೋ ಎಂದು ತಿಳಿಯಬೇಕು. ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ ಹಸು ಕಟ್ಟಲು ಸರಿ, ಮನುಷ್ಯನನ್ನು ಕಟ್ಟಲು ಅಲ್ಲ: ಅದು ಬಿಸಿಲಿಗೆ ಪುಡಿಯಾಗುತ್ತದೆ, ನೈಲಾನ್ 220 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುವಲ್ಲಿ ಅದು 165ರ ಆಸುಪಾಸಿನಲ್ಲೇ ಕರಗುತ್ತದೆ. ಯಾವ ಹಗ್ಗವನ್ನೇ ಆಗಲಿ ಬಳೆಯಿಲ್ಲದೆ ಬರೀ ಪಟ್ಟಿಯ ಮೇಲೆ ಓಡಿಸಬಾರದು. ಬಟ್ಟೆಯ ಮೇಲೆ ಬಟ್ಟೆ ಉಜ್ಜಿದ ಕಾವಿಗೆ ಪಟ್ಟಿ ಸುಟ್ಟು ಹರಿಯುತ್ತದೆ. ಎತ್ತರದಿಂದ ಕಲ್ಲಿನ ಮೇಲೆ ಬಿದ್ದ ಬಳೆಯನ್ನು ಮತ್ತೆ ಬಳಸುವ ಮುನ್ನ ಅಂಚಿನಲ್ಲಿ ಚುಚ್ಚುವಂಥ ಗೀರು, ಕೂದಲೆಳೆಯ ಬಿರುಕು ಇದೆಯೇ ಎಂದು ಉಗುರಿನಿಂದ ಸವರಿ ನೋಡಿ. ಅನುಮಾನವಿದ್ದರೆ ಪಟ್ಟಿಯನ್ನು ಎರಡು ತುಂಡು ಮಾಡಿ ಎಸೆಯಿರಿ. ಇಡಿಯಾಗಿ ಎಸೆದರೆ ಯಾರೋ ಎತ್ತಿಕೊಂಡು ಹೋಗಿ ಬಳಸುತ್ತಾರೆ.

ಹಗ್ಗ, ಪಟ್ಟಿಗಳನ್ನು ಮೈಲುತುತ್ತ ಮತ್ತು ಸುಣ್ಣ ಇಡುವ ಕೋಣೆಯಲ್ಲಿ ಇಡಬಾರದು. ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಇವೆರಡೂ ಹಗ್ಗಕ್ಕೆ ಶತ್ರು. ನೈಲಾನ್ ಎಳೆಗೆ ಆಮ್ಲ ಆಗದು, ಪಾಲಿಯೆಸ್ಟರ್ ಎಳೆಗೆ ಕ್ಷಾರ ಆಗದು. ಬ್ಯಾಟರಿಯ ಹತ್ತಿರವೂ ಬೇಡ. ಹಲಸಿನ ಅಂಟು ಮೆತ್ತಿದ ಹಗ್ಗವನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ ಉಜ್ಜಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಇಲಿ ಹೋಗದ ಟ್ರಂಕಿನಲ್ಲಿ ಸುರುಳಿ ಸುತ್ತಿಡಿ. ಕೆಂಪು ದಾರದ ತುದಿ ಸುರುಳಿಯ ಮೇಲಿರಲಿ.

— ಕಾರ್ಯದರ್ಶಿ, ಬೆಳ್ಳಾವಿ